ದಾದಾ ಅವರ ಮಾತ್ರೆ ಮತ್ತು ಡಾಕ್ಟರ್ ಕೊಟ್ಜಿಯಾಸ್

ನಮ್ಮ ದಾದಾ ನಲವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಅವರ ಕಾಯಿಲೆಯ ಸುಳಿವು ಮೊದಲು ಸಿಕ್ಕಿದ್ದು ಅವರ ಕೈಯಲ್ಲಿ ಅಲ್ಲ, ಅಳತೆ ಪುಸ್ತಕದಲ್ಲಿ. ಗಿರಾಕಿಗಳ ಹೆಸರು, ಎದೆ, ಸೊಂಟ, ತೋಳು ಎಲ್ಲವನ್ನೂ ಅವರು ಉರ್ದುವಿನಲ್ಲಿ ದುಂಡಗೆ ಬರೆಯುತ್ತಿದ್ದರು. ನಾಲ್ಕೈದು ವರ್ಷದ ಹಿಂದೆ ಆ ಅಕ್ಷರ ಸಣ್ಣದಾಗುತ್ತಾ ಹೋಯಿತು. ಸಾಲು ಶುರುವಾಗುವಾಗ ಇದ್ದ ಗಾತ್ರ ಕೊನೆಗೆ ಬರುವಷ್ಟರಲ್ಲಿ ಅರ್ಧ ಆಗಿರುತ್ತಿತ್ತು. ಆಮೇಲೆ ಬಲಗೈ ಹೆಬ್ಬೆರಳು ಸುಮ್ಮನೆ ಕೂತಾಗ ನಡುಗತೊಡಗಿತು. ಕಾಜಾ ಹೊಲಿಯುವುದು ನಿಂತಿತು. ಒಬ್ಬ ಡಾಕ್ಟರು ವಯಸ್ಸಾಯಿತು ಎಂದು ಹೇಳಿ ಒಂದು ವರ್ಷ ಶಕ್ತಿ ಮಾತ್ರೆ ಕೊಟ್ಟರು. ಕೊನೆಗೆ ಅಬ್ಬಾ ಅವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಅದು ಪಾರ್ಕಿನ್ಸನ್ ಕಾಯಿಲೆ ಎಂದು ಅಲ್ಲಿ ಗೊತ್ತಾಯಿತು. ಕನ್ನಡದಲ್ಲಿ ಕಂಪವಾತ, ನಮ್ಮ ಮನೆಯಲ್ಲಿ ರಾಶಾ.

ಅಲ್ಲಿ ಬರೆದುಕೊಟ್ಟ ಮಾತ್ರೆಯ ಪಟ್ಟಿಯ ಹಿಂದೆ ಎರಡು ಹೆಸರು ಇವೆ: ಲೆವೊಡೋಪಾ ಮತ್ತು ಕಾರ್ಬಿಡೋಪಾ. ಶುರುಮಾಡಿ ಕೆಲವು ವಾರಗಳಾದ ಮೇಲೆ ಒಂದು ದಿನ ದಾದಾ ನನ್ನ ಕಾಲೇಜು ಶರ್ಟಿನ ಬಿದ್ದುಹೋದ ಗುಂಡಿಯನ್ನು ತಾವೇ ಹಾಕಿಕೊಟ್ಟರು. ಸೂಜಿಗೆ ದಾರ ಪೋಣಿಸಿದ್ದು ಮಾತ್ರ ದಾದಿ.

ನಾನು ಕಾಮರ್ಸ್ ವಿದ್ಯಾರ್ಥಿ. ಮೆದುಳಿನ ವಿಷಯ ನನಗೆ ಸಿಲೆಬಸ್‌ನಲ್ಲಿ ಇಲ್ಲ. ಆದರೆ ಯಾವ ವಸ್ತು ನೋಡಿದರೂ ಇದಕ್ಕೆ ದುಡ್ಡು ಹಾಕಿದ್ದು ಯಾರು ಎಂದು ಕೇಳುವ ಅಭ್ಯಾಸ ಈ ಎರಡು ವರ್ಷದಲ್ಲಿ ಬಂದುಬಿಟ್ಟಿದೆ. ಬಯಾಲಜಿ ಸರ್ ಅವರನ್ನು ಕೇಳಿದೆ. ಅವರು ಒಂದು ಹೆಸರು ಹೇಳಿ, ಉಳಿದದ್ದನ್ನು ನೀನೇ ಹುಡುಕು ಎಂದು ಕಳಿಸಿದರು. ಆ ಹೆಸರು ಜಾರ್ಜ್ ಕೊಟ್ಜಿಯಾಸ್. ಮೆದುಳಿನ ವೈದ್ಯಶಾಸ್ತ್ರ ಓದುವವರಿಗೆಲ್ಲ ಗೊತ್ತಿರುವ ಹೆಸರು, ನಮ್ಮಂಥವರು ಕೇಳಿಯೇ ಇರುವುದಿಲ್ಲ.

ಕೊಟ್ಜಿಯಾಸ್ ಹುಟ್ಟಿದ್ದು 1918ರ ಜೂನ್ 16ರಂದು, ಗ್ರೀಸ್ ದೇಶದ ಕ್ರೀಟ್ ದ್ವೀಪದ ಹಾನಿಯಾ ಎಂಬ ಊರಲ್ಲಿ. ಗ್ರೀಸ್‌ಗೆ ಉರ್ದುವಿನಲ್ಲಿ ಯೂನಾನ್ ಎನ್ನುತ್ತಾರೆ. ಇಂಗ್ಲಿಷ್ ಮಾತ್ರೆ ಬೇಡ, ಯೂನಾನಿ ಹಕೀಮರ ಔಷಧವೇ ಸಾಕು ಎಂದು ಮೊದಲು ಹಟ ಮಾಡಿದ್ದ ದಾದಾ ಅವರಿಗೆ ಇದನ್ನು ಹೇಳಿದೆ. ಹಾಗಾದರೆ ಇದೂ ಯೂನಾನಿ ಔಷಧವೇ ಆಯಿತಲ್ಲ ಎಂದು ನಕ್ಕರು. ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿದುಕೊಳ್ಳುವುದರಿಂದ ದಾದಾ ನಗುವುದು ಕಡಿಮೆ. ಅದಕ್ಕೇ ಆ ನಗು ನನಗೆ ನೆನಪಿದೆ.

ಕೊಟ್ಜಿಯಾಸ್ ಅವರ ತಂದೆ ರಾಜಕಾರಣಿ, ಅಥೆನ್ಸ್ ನಗರದ ಮೇಯರ್ ಆಗಿದ್ದವರು. ಮಗ ಅಥೆನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ. 1941ರಲ್ಲಿ ಜರ್ಮನ್ ಸೈನ್ಯ ಗ್ರೀಸ್‌ಗೆ ನುಗ್ಗಿತು. ಕುಟುಂಬ ಊರು ಬಿಟ್ಟು ಅಮೆರಿಕ ಸೇರಿತು. ಓದು ಅರ್ಧಕ್ಕೆ ನಿಂತಿತ್ತು, ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಆದರೂ ಹಾರ್ವರ್ಡ್ ವೈದ್ಯಕೀಯ ಕಾಲೇಜು ಸೇರಿ 1943ರಲ್ಲಿ ಒಳ್ಳೆಯ ದರ್ಜೆಯಲ್ಲಿ ಪಾಸಾದರು. ಈ ಜಾಗದಲ್ಲಿ ನಾನು ಸ್ವಲ್ಪ ಹೊತ್ತು ಓದುವುದನ್ನು ನಿಲ್ಲಿಸಿದೆ. ಹತ್ತನೇ ತರಗತಿವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಇಲ್ಲಿಗೆ ಬಂದು, ಅಕೌಂಟೆನ್ಸಿ ಪುಸ್ತಕದ ಮೊದಲ ಪುಟ ತೆರೆದ ದಿನ ನನಗೆ ಏನಾಗಿತ್ತು ಎಂದು ನಮ್ಮ ತರಗತಿಯಲ್ಲಿ ಅರ್ಧ ಜನರಿಗೆ ಗೊತ್ತು. ಅವರಿಗೂ ಹಾಗೇ ಆಗಿತ್ತು.

ಕೆಲವು ವರ್ಷ ಬಾಸ್ಟನ್‌ನ ಆಸ್ಪತ್ರೆಗಳಲ್ಲಿ, ಆಮೇಲೆ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಕೆಲಸ ಮಾಡಿ, 1953ರಲ್ಲಿ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಬಂದರು. ನನಗೆ ಬೇಕಾಗಿದ್ದ ಉತ್ತರ ಇಲ್ಲಿಂದ ಶುರುವಾಗುತ್ತದೆ. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡ್‌ನಲ್ಲಿರುವ ಈ ಜಾಗ ಮೊದಲು ಸೈನ್ಯದ ಶಿಬಿರವಾಗಿತ್ತು. 1947ರಲ್ಲಿ ಅದನ್ನು ಪ್ರಯೋಗಾಲಯ ಮಾಡಿದರು. ದುಡ್ಡು ಕೊಡುತ್ತಿದ್ದದ್ದು ಅಮೆರಿಕ ಸರ್ಕಾರದ ಅಣುಶಕ್ತಿ ಆಯೋಗ, ಅಂದರೆ ಅಲ್ಲಿನ ಜನ ಕಟ್ಟಿದ ತೆರಿಗೆ. ಇದೇ ಆಯೋಗ ಅಣುಬಾಂಬುಗಳನ್ನೂ ಮಾಡಿಸುತ್ತಿತ್ತು. ಒಂದೇ ಕಚೇರಿಯ ಒಂದು ಲೆಕ್ಕದಲ್ಲಿ ಬಾಂಬು, ಇನ್ನೊಂದು ಲೆಕ್ಕದಲ್ಲಿ ಔಷಧ. ಇದು ನನಗೆ ಇನ್ನೂ ಸರಿಯಾಗಿ ಜೀರ್ಣವಾಗಿಲ್ಲ. ಆದರೆ ನಡೆದದ್ದು ಹಾಗೆಯೇ. ವಿಕಿರಣದಿಂದ ದೇಹಕ್ಕೆ ಏನಾಗುತ್ತದೆ, ರಿಯಾಕ್ಟರ್‌ನಲ್ಲಿ ಸಿಗುವ ವಿಕಿರಣಶೀಲ ವಸ್ತುಗಳಿಂದ ವೈದ್ಯರಿಗೆ ಏನು ಉಪಯೋಗ ಎಂದು ನೋಡಲು ಬ್ರೂಕ್‌ಹೇವನ್‌ನಲ್ಲಿ ವೈದ್ಯಕೀಯ ವಿಭಾಗವಿತ್ತು, ಸಂಶೋಧನೆಗಾಗಿಯೇ ಒಂದು ಚಿಕ್ಕ ಆಸ್ಪತ್ರೆಯೂ ಇತ್ತು.

ಕೊಟ್ಜಿಯಾಸ್ ಅಲ್ಲಿ ಪಾರ್ಕಿನ್ಸನ್ ಕಾಯಿಲೆಯ ಮೇಲೆ ಕೆಲಸ ಶುರುಮಾಡಲಿಲ್ಲ. ಅವರು ಹಿಡಿದದ್ದು ಮ್ಯಾಂಗನೀಸ್ ಲೋಹವನ್ನು. ಮ್ಯಾಂಗನೀಸ್ ಅಂದರೆ ನಮಗೆ ಸಂಡೂರಿನ ಗಣಿ ನೆನಪಾಗುತ್ತದೆ. ದೇಹಕ್ಕೆ ಅದು ಚೂರೇ ಚೂರು ಬೇಕು, ಹೆಚ್ಚಾದರೆ ವಿಷ. ಮ್ಯಾಂಗನೀಸನ್ನು ಸುಲಭವಾಗಿ ವಿಕಿರಣಶೀಲ ಮಾಡಬಹುದು. ಆಗ ಅದು ದೇಹದಲ್ಲಿ ಎಲ್ಲಿಗೆ ಹೋಗುತ್ತದೆ, ಯಾವಾಗ ಹೊರಗೆ ಬರುತ್ತದೆ ಎಂದು ಉಪಕರಣದಿಂದ ಹಿಂಬಾಲಿಸಬಹುದು. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಮ್ಯಾಂಗನೀಸ್ ಗಣಿಯ ಧೂಳು ಉಸಿರಾಡಿದ ಕೆಲವು ಕೂಲಿಗಳಿಗೆ ಒಂದು ವಿಚಿತ್ರ ಕಾಯಿಲೆ ಬರುತ್ತಿತ್ತು. ಮೊದಲು ಕಾರಣವಿಲ್ಲದೆ ನಗು, ಅಳು, ಹುಚ್ಚು ಹಿಡಿದಂತೆ ವರ್ತನೆ. ಅಲ್ಲಿನ ಜನ ಅದನ್ನು ಮ್ಯಾಂಗನೀಸ್ ಹುಚ್ಚು ಎಂದೇ ಕರೆಯುತ್ತಿದ್ದರು. ಆಮೇಲೆ ಮುಖ ಬಿಗಿದು, ಮಾತು ಕುಗ್ಗಿ, ನಡಿಗೆ ಕೆಟ್ಟು ಪಾರ್ಕಿನ್ಸನ್ ರೋಗಿಗಳ ಹಾಗೇ ಆಗಿಬಿಡುತ್ತಿದ್ದರು. ಚಿಲಿಯ ವೈದ್ಯರ ಜೊತೆ ಸೇರಿ ಕೊಟ್ಜಿಯಾಸ್ ಆ ಗಣಿಗಾರರನ್ನು ಪರೀಕ್ಷಿಸಿದರು. ಗಣಿ ಬಿಟ್ಟು ಬಹಳ ಕಾಲವಾಗಿದ್ದ ರೋಗಿಗಳ ದೇಹದಲ್ಲಿ ಹೆಚ್ಚಿನ ಮ್ಯಾಂಗನೀಸ್ ಉಳಿದಿರಲಿಲ್ಲ. ಇನ್ನೂ ಗಣಿಯಲ್ಲೇ ಇದ್ದ ಆರೋಗ್ಯವಂತರ ದೇಹದಲ್ಲೇ ಹೆಚ್ಚು ಇತ್ತು. ಅಂದರೆ ವಿಷ ಹೊರಗೆ ಹೋದರೂ ಅದು ಮಾಡಿದ ಹಾನಿ ಮೆದುಳಲ್ಲಿ ಉಳಿದಿತ್ತು. ವಿಷ ತೆಗೆದರೆ ಸಾಲದು, ಮೆದುಳು ಏನು ಕಳೆದುಕೊಂಡಿದೆಯೋ ಅದನ್ನು ತುಂಬಿಕೊಡಬೇಕು. ಅಲ್ಲಿಂದ ಅವರು ಪಾರ್ಕಿನ್ಸನ್ ಕಡೆಗೆ ತಿರುಗಿದರು.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು 1817ರಲ್ಲಿ. ಅದಾಗಿ ನೂರೈವತ್ತು ವರ್ಷವಾದರೂ ಹೇಳಿಕೊಳ್ಳುವಂಥ ಔಷಧ ಇರಲಿಲ್ಲ. ಕಾರಣದ ಎಳೆ ಸಿಕ್ಕಿದ್ದು ಬೇರೆ ಎರಡು ದೇಶಗಳಲ್ಲಿ. ಅದರಲ್ಲಿ ನಮ್ಮ ನೆಲದ ಒಂದು ಗಿಡಕ್ಕೂ ಪಾತ್ರವಿದೆ: ಸರ್ಪಗಂಧ. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರು 1931ರಲ್ಲಿ ಈ ಗಿಡದ ಬೇರಿನಿಂದ ಒಂದು ವಸ್ತು ತೆಗೆದು, ಹಕೀಮ್ ಅಜ್ಮಲ್ ಖಾನ್ ಅವರ ನೆನಪಿಗೆ ಅಜ್ಮಲೀನ್ ಎಂದು ಹೆಸರಿಟ್ಟರು. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡ್‌ನವರು ರೆಸರ್ಪಿನ್ ಎಂಬ ಇನ್ನೊಂದು ವಸ್ತು ತೆಗೆದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ರೆಸರ್ಪಿನ್ ಬಗ್ಗೆ, ಮೆದುಳಿನ ರಾಸಾಯನಿಕಗಳನ್ನು ಅಳೆಯುವ ಬಗ್ಗೆ ಕಲಿತದ್ದು ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪ್ರಯೋಗಾಲಯದಲ್ಲಿ. ಊರಿಗೆ ಹಿಂದಿರುಗಿ 1957ರಲ್ಲಿ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಮೊಲಗಳು ಅಲುಗಾಡದೆ ಬಿದ್ದುಕೊಂಡವು. ಡೋಪಾ ಚುಚ್ಚಿದಾಗ ಎದ್ದು ಓಡಾಡಿದವು. ಡೋಪಾದಿಂದ ಮೆದುಳು ಡೋಪಮೀನ್ ತಯಾರಿಸುತ್ತದೆ, ದೇಹ ಅಲುಗಾಡಲು ಅದು ಬೇಕು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮತ್ತು ಎಹ್ರಿಂಗರ್ ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಹೋದ ಆರು ಜನರ ಮೆದುಳನ್ನು ಪರೀಕ್ಷಿಸಿದಾಗ ಡೋಪಮೀನ್ ತೀರಾ ಕಡಿಮೆ ಇತ್ತು. ಮರುವರ್ಷ ಅಲ್ಲಿ ರೋಗಿಗಳಿಗೆ ಡೋಪಾ ಚುಚ್ಚುಮದ್ದು ಕೊಟ್ಟು ನೋಡಿದರು. ಕೆಲವು ಗಂಟೆ ಚೆನ್ನಾಗಿರುತ್ತಿದ್ದರು, ಮತ್ತೆ ಮೊದಲಿನಂತೆ. ಬೇರೆ ಕಡೆ ಮಾಡಿದ ಕೆಲವರಿಗೆ ಅಷ್ಟೂ ಸಿಗಲಿಲ್ಲ. ಇದು ಆಗುವ ಕೆಲಸವಲ್ಲ ಎಂದು ತುಂಬ ಜನ ಕೈಬಿಟ್ಟರು.

ಕೊಟ್ಜಿಯಾಸ್ ಮೊದಲು ಇಟ್ಟ ಹೆಜ್ಜೆ ತಪ್ಪಾಗಿತ್ತು. ನಮ್ಮ ಮೆದುಳಿನ ಬುಡದ ಹತ್ತಿರ ಕಪ್ಪು ಬಣ್ಣದ ಒಂದು ಚಿಕ್ಕ ಭಾಗ ಇದೆ. ಪಾರ್ಕಿನ್ಸನ್ ಬಂದವರಲ್ಲಿ ಅಲ್ಲಿನ ಜೀವಕೋಶಗಳು ಸತ್ತು ಆ ಕಪ್ಪು ಮಾಸಿಹೋಗುತ್ತದೆ. ಹೋದ ಬಣ್ಣವನ್ನು ತಿರುಗಿ ತಂದರೆ ಕಾಯಿಲೆ ವಾಸಿಯಾಗಬಹುದು ಎಂದು ಅವರು ಲೆಕ್ಕ ಹಾಕಿದರು. ಬಣ್ಣ ಹೆಚ್ಚಿಸುವ ಒಂದು ಹಾರ್ಮೋನನ್ನು ರೋಗಿಗಳಿಗೆ ಕೊಟ್ಟರು. ರೋಗಿಗಳ ಚರ್ಮ ಕಪ್ಪಾಯಿತು, ನಡುಕ ಇನ್ನೂ ಹೆಚ್ಚಾಯಿತು. ಮೆದುಳಿಗೆ ಏನೂ ಲಾಭವಾಗಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೂರ್ತಿ ನಷ್ಟ. ಖಾಸಗಿ ವ್ಯಾಪಾರವಾಗಿದ್ದರೆ ಪಾಲುದಾರರು ಅಲ್ಲಿಗೇ ಅಂಗಡಿ ಮುಚ್ಚಿಸುತ್ತಿದ್ದರು ಎಂದು ನನಗೆ ಅನಿಸುತ್ತದೆ. ಬ್ರೂಕ್‌ಹೇವನ್‌ನಲ್ಲಿ ಮುಚ್ಚಿಸಲಿಲ್ಲ.

ಹಾರ್ಮೋನ್ ನಿಲ್ಲಿಸಿ ಅವರು ಡೋಪಾ ಹಿಡಿದರು. ದೇಹದಲ್ಲಿ ಕಪ್ಪು ಬಣ್ಣಕ್ಕೂ ಡೋಪಮೀನ್‌ಗೂ ಡೋಪಾವೇ ಕಚ್ಚಾ ಸಾಮಗ್ರಿ. ಬಣ್ಣದ ವಿಚಾರ ತಪ್ಪಾಗಿದ್ದರೂ ಕೈ ಹಾಕಿದ ಡಬ್ಬಿ ಸರಿಯಾಗಿತ್ತು. ಮತ್ತೆ ಅವರು ಬೇರೆಯವರ ಹಾಗೆ ಸ್ವಲ್ಪ ಕೊಟ್ಟು ನೋಡಿ ಬಿಡಲಿಲ್ಲ. ಡೋಪಾ ಹೆಚ್ಚು ಕೊಟ್ಟರೆ ವಾಂತಿ ಬರುತ್ತದೆ. ಅದಕ್ಕೆ ಬಹಳ ಕಡಿಮೆಯಿಂದ ಶುರುಮಾಡಿ, ದೇಹ ಒಗ್ಗಿಕೊಂಡ ಮೇಲೆ ಇನ್ನೊಂದು ಚೂರು, ಮತ್ತೆ ಕಾದು ಇನ್ನೊಂದು ಚೂರು, ಹೀಗೆ ವಾರಗಟ್ಟಲೆ ಏರಿಸುತ್ತಾ ಹೋದರು. ಬಾಯಿಯ ಮೂಲಕವೇ ಕೊಟ್ಟರು. ಕೆಲವರಿಗೆ ದಿನಕ್ಕೆ 16 ಗ್ರಾಂವರೆಗೆ ಹೋಯಿತು. ನಮ್ಮ ದಾದಾ ಅವರ ಒಂದು ಮಾತ್ರೆಯಲ್ಲಿ ಇರುವುದು 100 ಮಿಲಿಗ್ರಾಂ ಲೆವೊಡೋಪಾ. ಆಗ ಕೊಟ್ಟಿದ್ದ ಪುಡಿಯಲ್ಲಿ ಅರ್ಧ ಭಾಗ ಕೆಲಸಕ್ಕೆ ಬಾರದ ಇನ್ನೊಂದು ರೂಪದ ಡೋಪಾ. ಶುದ್ಧವಾದದ್ದಕ್ಕೆ ಬೆಲೆ ಬಹಳ ಇದ್ದುದರಿಂದ ಬೆರಕೆಯನ್ನೇ ಬಳಸಿದ್ದರು. ಅದನ್ನು ಕಳೆದರೂ 8 ಗ್ರಾಂ, ಅಂದರೆ ಇವತ್ತಿನ ಲೆಕ್ಕದಲ್ಲಿ ದಿನಕ್ಕೆ 80 ಮಾತ್ರೆ. ಕೆಲವರ ರಕ್ತದಲ್ಲಿ ಬಿಳಿ ಕಣಗಳು ಕಡಿಮೆಯಾದವು, ಅದನ್ನೂ ನೋಡುತ್ತಿರಬೇಕಿತ್ತು. ಇಷ್ಟು ದಿನ ಒಬ್ಬ ರೋಗಿಯನ್ನು ಹಾಸಿಗೆಯಲ್ಲಿ ಇಟ್ಟುಕೊಂಡು, ನಿತ್ಯ ಪರೀಕ್ಷೆ ಮಾಡುತ್ತಾ, ಬಿಲ್ ಬಗ್ಗೆ ಯೋಚಿಸದೆ ಕಾಯುವುದು ಸಂಶೋಧನೆಗೆಂದೇ ಇದ್ದ ಸರ್ಕಾರಿ ದುಡ್ಡಿನ ಆಸ್ಪತ್ರೆಯಲ್ಲಿ ಸಾಧ್ಯವಾಯಿತು.

1967ರಲ್ಲಿ ಅವರು, ವಾನ್ ವೋರ್ಟ್ ಮತ್ತು ಶಿಫರ್ ಸೇರಿ ಒಂದು ವರದಿ ಪ್ರಕಟಿಸಿದರು. ಚಿಕಿತ್ಸೆ ಪಡೆದವರು 16 ಜನ, ಅವರಲ್ಲಿ 8 ಜನರಿಗೆ ದೊಡ್ಡ ಗುಣ ಕಂಡಿತ್ತು. ಆಮೇಲೆ ಕೊಟ್ಜಿಯಾಸ್ ಶುದ್ಧ ರೂಪಕ್ಕೆ, ಅಂದರೆ ಲೆವೊಡೋಪಾಕ್ಕೆ ಬದಲಾಯಿಸಿದರು, ರಕ್ತದ ತೊಂದರೆ ಹೋಯಿತು. 1969ರ ವರದಿಯಲ್ಲಿ 28 ರೋಗಿಗಳು. ಇಪ್ಪತ್ತು ಜನರಿಗೆ ಕಣ್ಣಿಗೆ ಕಾಣುವಂಥ ದೊಡ್ಡ ಸುಧಾರಣೆ, ಉಳಿದ ಎಂಟು ಜನರಿಗೂ ಅಷ್ಟಿಷ್ಟು. ಅದೇ ವರ್ಷ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. 1970ರಲ್ಲಿ ಅಮೆರಿಕ ಸರ್ಕಾರ ಲೆವೊಡೋಪಾ ಮಾರಾಟಕ್ಕೆ ಅನುಮತಿ ಕೊಟ್ಟಿತು.

ಕಂಪನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಹಾದಿ ಕಂಡ ಮೇಲೆ ಅವರೂ ದೊಡ್ಡ ಕೆಲಸ ಮಾಡಿದರು. ಡೋಪಾ ಮೆದುಳು ತಲುಪುವ ಮೊದಲೇ ದೇಹದಲ್ಲಿ ಖರ್ಚಾಗಿಹೋಗುವುದನ್ನು ತಡೆಯುವ ಕಾರ್ಬಿಡೋಪಾ ಬಂದದ್ದು ಒಂದು ಕಂಪನಿಯಿಂದ. ಅದನ್ನು ರೋಗಿಗಳಲ್ಲಿ ಪರೀಕ್ಷಿಸಿದವರಲ್ಲಿ ಕೊಟ್ಜಿಯಾಸ್ ಕೂಡ ಇದ್ದರು. ಎರಡೂ ಸೇರಿದ ಮಾತ್ರೆಗೆ 1975ರಲ್ಲಿ ಅನುಮತಿ ಸಿಕ್ಕಿತು. 80 ಮಾತ್ರೆಯ ಜಾಗದಲ್ಲಿ ಕೆಲವೇ ಮಾತ್ರೆ ಸಾಕಾಗಿದ್ದು ಇದರಿಂದ. ಶುದ್ಧ ಲೆವೊಡೋಪಾವನ್ನು ಹೇರಳವಾಗಿ ತಯಾರಿಸುವ ಉಪಾಯ ಕಂಡುಹಿಡಿದ ವಿಲಿಯಂ ನೋಲ್ಸ್ ಕೂಡ ಕಂಪನಿಯ ವಿಜ್ಞಾನಿಯೇ, ಅವರಿಗೆ 2001ರಲ್ಲಿ ನೊಬೆಲ್ ಸಿಕ್ಕಿತು. ಆದರೆ ಮೊದಲ ಹತ್ತು ಹದಿನೈದು ವರ್ಷ, ಲಾಭ ಬರುತ್ತದೋ ಇಲ್ಲವೋ ಎಂದು ಯಾರಿಗೂ ಗೊತ್ತಿಲ್ಲದಿದ್ದಾಗ, ಮೊಲಕ್ಕೂ ಗಣಿ ಧೂಳಿಗೂ ತಪ್ಪಿಹೋದ ಹಾರ್ಮೋನಿಗೂ ಹೆಚ್ಚಾಗಿ ಖರ್ಚಾದದ್ದು ಜನರ ದುಡ್ಡು. ಡೋಪಾ ಹೊಸ ವಸ್ತುವೂ ಅಲ್ಲ. 1913ರಲ್ಲೇ ಒಂದು ಜಾತಿಯ ಅವರೆಯಿಂದ ಅದನ್ನು ಬೇರ್ಪಡಿಸಿದ್ದರು. 1937ರಲ್ಲಿ ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಅವರು ನಸುಗುನ್ನಿ ಬೀಜದಿಂದ ತೆಗೆದರು. ಮುಟ್ಟಿದರೆ ಮೈಯೆಲ್ಲ ತುರಿಸುವ ಅದೇ ಕಾಯಿ. ಉರ್ದುವಿನಲ್ಲಿ ಕೌಂಚ್. ಹಕೀಮರು ದಾದಾ ಅವರಿಗೆ ಕೊಟ್ಟಿದ್ದ ಮಾಜೂನಿನಲ್ಲಿ ಅದೂ ಇತ್ತು. ಹಕೀಮರು ತಪ್ಪಿರಲಿಲ್ಲ ಎಂದು ದಾದಿ ಈಗಲೂ ಹೇಳುತ್ತಾರೆ. ಚಮಚದಲ್ಲಿ ಎಷ್ಟು ಡೋಪಾ ಹೋಯಿತು ಎಂದು ಯಾರು ಅಳೆಯುತ್ತಾರೆ ಎಂಬುದು ನನ್ನ ವಾದ. ಮಾತ್ರೆ ಶುರುವಾದ ಮೇಲೆ ಡಾಕ್ಟರು ಅದನ್ನು ನಿಲ್ಲಿಸಲು ಹೇಳಿದರು.

ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಸತ್ತ ಜೀವಕೋಶಗಳು ಸತ್ತೇ ಇರುತ್ತವೆ, ಉಳಿದವೂ ನಿಧಾನವಾಗಿ ಹೋಗುತ್ತವೆ. ಕೆಲವು ವರ್ಷದ ಮೇಲೆ ಔಷಧದಿಂದಲೇ ಕೈಕಾಲು ತಾವಾಗಿ ತಿರುಚುವುದು, ಒಂದು ಹೊತ್ತು ಚೆನ್ನಾಗಿದ್ದು ಇನ್ನೊಂದು ಹೊತ್ತು ಕಲ್ಲಾಗುವುದು ಶುರುವಾಗುತ್ತದೆ. ಕೊಟ್ಜಿಯಾಸ್ ಇದನ್ನು ಮುಚ್ಚಿಡಲಿಲ್ಲ. 1969ರ ವರದಿಯಲ್ಲೇ ಅರ್ಧ ಜನರಿಗೆ ಬಂದ ಅಂಥ ಚಲನೆಗಳ ಬಗ್ಗೆ ಬರೆದರು.

ಕಲ್ಲಾಗುವುದು ಅಂದರೆ ಏನು ಎಂದು ನಾವು ಹೋದ ರಂಜಾನ್‌ನಲ್ಲಿ ನೋಡಿದೆವು. ದಾದಾ ಯಾರಿಗೂ ಹೇಳದೆ ರೋಜಾ ಇಟ್ಟರು. ಸಹ್ರಿಯಲ್ಲಿ ಒಂದು ಮಾತ್ರೆ, ಇನ್ನೊಂದು ಇಫ್ತಾರ್‌ಗೆ, ನಡುವಿನದ್ದೆಲ್ಲ ಬಿಟ್ಟರು. ಲೆವೊಡೋಪಾ ರಕ್ತದಲ್ಲಿ ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಸರ್ ನಮಾಜ್‌ಗೆ ಜಾನಮಾಜಿನ ಮೇಲೆ ಸಜ್ದಾಕ್ಕೆ ಹೋದವರು ಏಳಲಿಲ್ಲ. ಮಾತು ಹೊರಡುತ್ತಿರಲಿಲ್ಲ, ಕಣ್ಣು ಮಾತ್ರ ನಮ್ಮ ಕಡೆ ಇತ್ತು. ನಾನೂ ಅಬ್ಬಾ ಸೇರಿ ಎತ್ತಿ ಮಲಗಿಸಿದೆವು. ಈ ಮಾತ್ರೆಯನ್ನು ಹಾಗೆ ಇದ್ದಕ್ಕಿದ್ದಂತೆ ಬಿಡುವುದು ಅಪಾಯ ಎಂದು ಡಾಕ್ಟರು ಫೋನಿನಲ್ಲಿ ಅಬ್ಬಾ ಅವರಿಗೆ ಗಟ್ಟಿಯಾಗಿ ಹೇಳಿದರು. ಮೌಲಾನಾ ಅವರು ಬಂದು, ಕಾಯಿಲೆಯವರಿಗೆ ರಿಯಾಯಿತಿ ಇದೆ, ಫಿದ್ಯಾ ಕೊಡಿ ಎಂದು ಸಮಾಧಾನ ಮಾಡಿದರು. ದಾದಾ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಅರವತ್ತು ವರ್ಷ ಬಿಡದೆ ಇಟ್ಟ ರೋಜಾ ಅದು.

ನಿಮ್ಹಾನ್ಸ್ ಕೂಡ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ. ನಾವು ಅಲ್ಲಿ ಕೊಟ್ಟದ್ದಕ್ಕಿಂತ ಹೋಗಿಬರುವ ಬಸ್ ಚಾರ್ಜೇ ಹೆಚ್ಚಾಯಿತು ಎಂದು ಅಬ್ಬಾ ಹೇಳಿದ್ದರು. ಅಲ್ಲಿ 1995ರಿಂದ ಒಂದು ಮೆದುಳು ಸಂಗ್ರಹವೂ ಇದೆ. ತೀರಿಹೋದವರ ಮನೆಯವರು ದಾನ ಕೊಟ್ಟ ಮೆದುಳುಗಳನ್ನು ಸಂಶೋಧನೆಗೆ ಇಡುತ್ತಾರೆ. ವಿಯೆನ್ನಾದಲ್ಲಿ ಆ ಆರು ಮೆದುಳುಗಳು ಸಿಗದಿದ್ದರೆ ಡೋಪಮೀನ್ ಕೊರತೆ ಅಷ್ಟು ಬೇಗ ಗೊತ್ತಾಗುತ್ತಿರಲಿಲ್ಲ. ಈ ವಿಷಯವನ್ನು ಮನೆಯಲ್ಲಿ ಎತ್ತುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಕೊಟ್ಜಿಯಾಸ್ ಕೊನೆಯ ವರ್ಷಗಳಲ್ಲಿ ಬ್ರೂಕ್‌ಹೇವನ್ ಬಿಟ್ಟು ನ್ಯೂಯಾರ್ಕ್ ನಗರಕ್ಕೆ ಹೋದರು. ಅಲ್ಲಿಯೂ ಇದೇ ಕೆಲಸ. ಶ್ವಾಸಕೋಶದ ಕ್ಯಾನ್ಸರ್ ಬಂತು. 1977ರ ಜೂನ್ 13ರಂದು ತೀರಿಕೊಂಡರು, ಐವತ್ತೊಂಬತ್ತು ತುಂಬಲು ಮೂರು ದಿನ ಬಾಕಿ ಇತ್ತು. 2000ದಲ್ಲಿ ಕಾರ್ಲ್ಸನ್ ಅವರಿಗೆ ನೊಬೆಲ್ ಬಂದಾಗ ಕೊಟ್ಜಿಯಾಸ್ ಹೋಗಿ ಇಪ್ಪತ್ಮೂರು ವರ್ಷವಾಗಿತ್ತು. ತೀರಿಹೋದವರಿಗೆ ಆ ಪ್ರಶಸ್ತಿ ಕೊಡುವುದಿಲ್ಲ.

ಈ ಲೇಖನವನ್ನು ಬರೆದು ಮುಗಿಸಿ ದಾದಾ ಅವರಿಗೆ ಉರ್ದುವಿನಲ್ಲಿ ಓದಿಹೇಳಿದೆ. ಜಾರ್ಜ್ ಕೊಟ್ಜಿಯಾಸ್ ಎನ್ನಲು ಅವರಿಗೆ ನಾಲಿಗೆ ತಿರುಗಲಿಲ್ಲ. ಅಳತೆ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಆ ಹೆಸರನ್ನು ಬರೆಯಲು ನೋಡಿದರು. ಜಾರ್ಜ್ ದೊಡ್ಡದಾಗಿ ಬಂತು, ಕೊಟ್ಜಿಯಾಸ್ ಸ್ವಲ್ಪ ಸಣ್ಣದಾಯಿತು. ಆಮೇಲೆ ಮಧ್ಯಾಹ್ನದ ಮಾತ್ರೆಗೆ ನೀರು ತರಲು ಹೇಳಿದರು.